ಬಿಳಿ ಗೂಟ, ಬಿಳಿ ಸುಣ್ಣ

ಅಪ್ಪನ ಫೋನ್ ಬಂದಾಗ ನನ್ನ ಡ್ರೋನ್ ಆಕಾಶದಲ್ಲಿತ್ತು. ಜೇಬಿನಲ್ಲಿ ಫೋನ್ ನಡುಗಿತು, ನಿಂತಿತು, ಮತ್ತೆ ನಡುಗಿತು. ಅಪ್ಪ ಸುಮ್ಮಸುಮ್ಮನೆ ಎರಡು ಸಲ ಫೋನ್ ಮಾಡುವವರಲ್ಲ. ಆದರೆ ಕೈಯಲ್ಲಿ ರಿಮೋಟ್ ಇದ್ದಾಗ ಕಣ್ಣು ತೆಗೆಯುವ ಹಾಗಿಲ್ಲ. ಹಾರಿದ್ದನ್ನು ಇಳಿಸಿ, ರೆಕ್ಕೆ ನಿಂತ ಮೇಲೆ ಅಪ್ಪನಿಗೆ ಫೋನ್ ಮಾಡಿದೆ. ಆಗ ಎರಡು ನಿಮಿಷ ಮಾತಾಡಿದೆವು. ಅದರಲ್ಲಿ ನಾನು ಹೇಳಿದ ಒಂದು ಮಾತನ್ನು ಸರಿಪಡಿಸುವುದಕ್ಕೆ ಆಮೇಲೆ ಒಂದು ವರ್ಷ ಬೇಕಾಯಿತು.

ಅವತ್ತು ನಾನು ಇದ್ದದ್ದು ಒಂದು ಗಾಲ್ಫ್ ಮೈದಾನದಲ್ಲಿ. ಹೊಳೆನರಸೀಪುರದಿಂದ ಅರಕಲಗೂಡು, ಕೊಣನೂರು ದಾಟಿ ಕುಶಾಲನಗರದ ಮೇಲೆ ಕೊಡಗಿಗೆ ಹೋದರೆ ಕಾಫಿ ತೋಟಗಳ ನಡುವೆ ಇಂಥ ಮೈದಾನಗಳಿವೆ. ಯಾವುದು ಅಂತ ಹೆಸರು ಬೇಡ. ಪತ್ರಿಕೋದ್ಯಮ ಓದಿ ಮುಗಿಸಿದ ಮೇಲೆ ಕೆಲಸ ಸಿಗದೆ, ಒಂದು ಸ್ಟುಡಿಯೋ ಸೇರಿ, ಡ್ರೋನ್ ಪೈಲಟ್ ತರಬೇತಿ ಮಾಡಿ ಸರ್ಟಿಫಿಕೇಟ್ ಪಡೆದಿದ್ದೆ. ಮದುವೆ, ಗೃಹಪ್ರವೇಶ, ಜಾತ್ರೆ ರಥೋತ್ಸವ ಎಲ್ಲಾ ಹಾರಿಸಿ ತೆಗೆದಿದ್ದೆ. ಗಾಲ್ಫ್ ಮೈದಾನ ಅದೇ ಮೊದಲು.

ನಮ್ಮ ಕಡೆ ಗಾಲ್ಫ್ ನೋಡಿದವರು ಕಡಿಮೆ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ, ಬ್ರಿಟಿಷರ ಕಾಲ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಒಂದಿದೆ. ಚಿಕ್ಕಮಗಳೂರಲ್ಲೂ ಇದೆ. ಆದರೂ ಈ ಆಟದ ಹೆಸರು ನಮ್ಮ ಮನೆಗಳಿಗೆ ಬಂದಿದ್ದು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೇ ಸ್ಥಾನಕ್ಕೆ ಬಂದಳು. ಅವತ್ತು ಬೆಳಗ್ಗೆ ನಮ್ಮೂರ ಟೀ ಅಂಗಡಿಯಲ್ಲೂ ಟಿವಿ ಹಾಕಿಕೊಂಡು, ಚೆಂಡು ಎಲ್ಲಿಗೆ ಹೋಯಿತು ಅಂತ ಹುಡುಕುತ್ತಾ ಕೂತಿದ್ದರು.

ಆಟ ಸರಳ. ಹದಿನೆಂಟು ಕುಳಿ ಇರುತ್ತವೆ. ಒಂದೊಂದು ಕುಳಿಯ ಅಗಲ ನಾಲ್ಕೂಕಾಲು ಇಂಚು. ಅದರಲ್ಲಿ ಒಂದು ಬಾವುಟದ ಕೋಲು. ನೂರೈವತ್ತು ಮೀಟರ್‌ನಿಂದ ಹಿಡಿದು ಅರ್ಧ ಕಿಲೋಮೀಟರ್ ದೂರದಿಂದ ಚೆಂಡನ್ನು ಹೊಡೆಯುತ್ತಾ ತಂದು ಆ ಕುಳಿಗೆ ಬೀಳಿಸಬೇಕು. ಎಷ್ಟು ಕಡಿಮೆ ಹೊಡೆತಕ್ಕೆ ಬಿದ್ದರೆ ಅಷ್ಟು ಒಳ್ಳೆಯದು. ಹೊಡೆಯಲು ಶುರು ಮಾಡುವ ಕಟ್ಟೆಯಿಂದ ಕುಳಿಯವರೆಗಿನ ಇಡೀ ದಾರಿಗೇ 'ಹೋಲ್' ಅಂತಾರೆ. ಕುಳಿಯ ಸುತ್ತ ಇರುವ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿರುತ್ತಾರೆ, ಅದು 'ಗ್ರೀನ್'. ಮುಟ್ಟಿದರೆ ಹೊಸ ಕಂಬಳಿ ಮುಟ್ಟಿದ ಹಾಗಿರುತ್ತದೆ.

ನಮಗೆ ಕೊಟ್ಟ ಕೆಲಸ ಹದಿನೆಂಟೂ ಹೋಲ್‌ಗಳ ಮೇಲೆ ಹಾರಿಸಿ ತೆಗೆಯುವುದು. ಆಟಗಾರ ಎಲ್ಲಿ ನಿಂತು ಹೊಡೆಯುತ್ತಾನೋ ಅಲ್ಲಿಂದ ಹೊರಟು, ಚೆಂಡು ಹೋಗುವ ದಾರಿಯಲ್ಲೇ ನಿಧಾನಕ್ಕೆ ಸಾಗಿ, ಮರಳಿನ ಗುಂಡಿ, ನೀರಿನ ಹೊಂಡ ಎಲ್ಲಾ ತೋರಿಸಿ, ಕೊನೆಗೆ ಬಾವುಟದ ನೆತ್ತಿಯ ಮೇಲೆ ಕ್ಯಾಮೆರಾ ಕೆಳಮುಖ ಮಾಡಿ ನಿಲ್ಲಿಸಬೇಕು. ಇದನ್ನು ಮಧ್ಯಾಹ್ನ ತೆಗೆದರೆ ಕೆಡುತ್ತದೆ. ಬಿಸಿಲು ನೆತ್ತಿ ಮೇಲಿದ್ದಾಗ ದಿಣ್ಣೆ, ತಗ್ಗು ಎಲ್ಲಾ ಒಂದೇ ಸಮ ಕಾಣುತ್ತವೆ. ಬೆಳಗ್ಗೆ ಆರೂವರೆಯಿಂದ ಎಂಟೂವರೆಯೊಳಗೆ ಓರೆ ಬಿಸಿಲು ಇದ್ದಾಗ ಮರದ ನೆರಳು ಉದ್ದ ಬಿದ್ದು ನೆಲದ ಏರಿಳಿತ ಎದ್ದು ಕಾಣುತ್ತದೆ. ಹುಲ್ಲಿನ ಮೇಲೆ ತಿಳಿ ಹಸಿರು, ಕಡು ಹಸಿರು ಪಟ್ಟೆ ಕಾಣುತ್ತದಲ್ಲ, ಅದು ಬಣ್ಣ ಅಲ್ಲ. ಯಂತ್ರ ಹೋಗುವಾಗ ಒಂದು ಸಾಲು ಹುಲ್ಲು ಆ ಕಡೆ ಬಾಗುತ್ತದೆ, ಬರುವಾಗ ಪಕ್ಕದ ಸಾಲು ಈ ಕಡೆ ಬಾಗುತ್ತದೆ. ಬೆಳಕು ಬೇರೆ ಬೇರೆ ಥರ ಬೀಳುತ್ತದೆ ಅಷ್ಟೆ.

ಬ್ಯಾಟರಿ ಒಂದಕ್ಕೆ ಇಪ್ಪತ್ತೈದು ನಿಮಿಷ. ಗಾಳಿ ಇದ್ದರೆ ಇನ್ನೂ ಕಡಿಮೆ. ಹದ್ದು ಬಂದರೆ ಕೂಡಲೇ ಇಳಿಸಬೇಕು, ಅದು ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ಬಂತು ಅಂದುಕೊಂಡು ಎರಗುತ್ತದೆ. ಮಂಜು ಕರಗುವವರೆಗೆ ಕಾಯಬೇಕು. ಹೀಗಾಗಿ ದಿನಕ್ಕೆ ಐದಾರು ಹೋಲ್ ಆದರೆ ಹೆಚ್ಚು. ನಾವು ಅಲ್ಲಿ ನಾಲ್ಕು ದಿನ ಇದ್ದೆವು.

ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದಿದ್ದು ಬಿಳಿ ಗೂಟಗಳು. ಮೈದಾನದ ಅಂಚಿಗೆ, ಕಾಫಿ ತೋಟ ಶುರುವಾಗುವ ಕಡೆ, ಮೊಳಕಾಲುದ್ದದ ಬಿಳಿ ಗೂಟಗಳನ್ನು ಸಾಲಾಗಿ ನೆಟ್ಟಿದ್ದರು. ಅದು ಗಡಿ. ಚೆಂಡು ಆ ಸಾಲು ದಾಟಿದರೆ ಆಟದಿಂದ ಹೊರಗೆ ಹೋದಂತೆ. ಒಂದು ಹೊಡೆತದ ದಂಡ, ಮೊದಲು ಎಲ್ಲಿಂದ ಹೊಡೆದಿದ್ದರೋ ಅಲ್ಲಿಂದಲೇ ಮತ್ತೆ ಹೊಡೆಯಬೇಕು. ನೀರಿನ ಹೊಂಡದ ಬದಿಯಲ್ಲಿ ಕೆಂಪು, ಹಳದಿ ಗೂಟ ಇರುತ್ತವೆ, ಅದಕ್ಕೆ ಬೇರೆ ನಿಯಮ. ನಲವತ್ತು ಮೀಟರ್ ಮೇಲಿಂದ ಈ ಗೂಟಗಳು ಕಾಣುವುದೇ ಇಲ್ಲ. ಚೆಂಡು ಒಳಗೋ ಹೊರಗೋ ಅಂತ ತೀರ್ಮಾನ ಮಾಡುವುದು ಅವೇ, ಆದರೆ ನಮ್ಮ ಸಿನಿಮಾದಲ್ಲಿ ಒಂದೂ ಇಲ್ಲ.

ಕಾಣದೇ ಇರುವವರು ಇನ್ನೂ ಇದ್ದರು. ಗ್ರೀನ್‌ಗಳಲ್ಲಿ ಕಳೆ ಕೀಳುವ ಹೆಂಗಸರು, ಎಂಟು ಹತ್ತು ಜನ. ಅಷ್ಟು ಗಿಡ್ಡ ಹುಲ್ಲಿನಲ್ಲಿ ಕಳೆಯನ್ನು ಕೈಯಲ್ಲೇ ಕೀಳಬೇಕು. ಕುಕ್ಕರುಗಾಲಲ್ಲಿ ಕೂತು, ಸಣ್ಣ ಚಾಕುವಿನಂಥದ್ದರಲ್ಲಿ ಒಂದೊಂದೇ ಎಳೆ ಎಬ್ಬಿಸುತ್ತಿದ್ದರು. ನಮ್ಮ ಕಡೆ ಭತ್ತದ ಗದ್ದೆಯಲ್ಲಿ ಕಳೆ ಕೀಳುವ ಸಾಲಿನ ಹಾಗೇ ಇತ್ತು. ನಮ್ಮನ್ನು ಕರೆಸಿದ್ದವರು ಮೊದಲೇ ಹೇಳಿದ್ದರು, ಫ್ರೇಮಿನಲ್ಲಿ ಕೆಲಸದವರು ಬರಬಾರದು ಅಂತ. ಹಾಗಾಗಿ ನಾನು ಹಾರಿಸುವ ಮುಂಚೆ ಮೇಸ್ತ್ರಿ ಕೂಗು ಹಾಕುತ್ತಿದ್ದ. ಅವರೆಲ್ಲಾ ಎದ್ದು ಸಿಲ್ವರ್ ಓಕ್ ಮರದ ಹಿಂದೆ ಹೋಗಿ ನಿಲ್ಲುತ್ತಿದ್ದರು. ಡ್ರೋನ್ ಹೋದ ಮೇಲೆ ಮತ್ತೆ ಬಂದು ಕೂರುತ್ತಿದ್ದರು.

ಒಬ್ಬ ಹೆಂಗಸು ನನ್ನನ್ನು ಕೇಳಿದಳು: "ಅಣ್ಣಾ, ಮ್ಯಾಲಿಂದ ನಮ್ಮನೆ ಕಾಣ್ತದಾ?"

"ಎಲ್ಲಿದೆ ಅಕ್ಕ ನಿಮ್ಮನೆ?"

"ಆ ತೋಟದ ಆಚೆ. ಲೈನ್ ಮನೆ."

ಆ ಕಡೆ ತಿರುಗಿಸಿದ್ದರೆ ಕಾಣುತ್ತಿತ್ತು. ನಾನು ತಿರುಗಿಸಲಿಲ್ಲ. ಬ್ಯಾಟರಿ ಕಡಿಮೆ ಇದೆ ಅಂದೆ.

ಅಪ್ಪನ ಫೋನ್ ಬಂದಿದ್ದು ಮೂರನೇ ದಿನ.

"ಸುಣ್ಣ ಹಾಕೋರು ಬಂದವ್ರೆ ಕಣಪ್ಪ. ಮನೆ ಮನೆಗೂ ಗೆರೆ ಎಳೀತಾವ್ರೆ. ಆಮೇಲೆ ಡ್ರೋನ್ ಹಾರ್ಸ್ತಾರಂತೆ. ನೀನು ಒಂದ್ಸಲ ಬಂದು ಹೋಗಕ್ಕಾಗುತ್ತಾ?"

ಇನ್ನೂ ಆರು ಹೋಲ್ ಬಾಕಿ ಇತ್ತು. ಬಿಟ್ಟು ಬಂದರೆ ದುಡ್ಡು ಹೋಗುತ್ತದೆ. ನಾನು ಹೇಳಿದೆ, "ಅಪ್ಪ, ಡ್ರೋನ್ ಮೇಲಿಂದ ತಾನೇ ತೆಗೆಯೋದು. ಎಲ್ಲಾ ಕಾಣುತ್ತೆ ಬಿಡಿ. ನೀವೇನೂ ತಲೆ ಕೆಡಿಸ್ಕೋಬೇಡಿ."

ಡ್ರೋನ್ ಬಲ್ಲ ಮಗ ಹೇಳಿದ ಮಾತು. ಅಪ್ಪ ನಂಬಿದರು. ಮೊಣಕಾಲು ನೋವು ಬೇರೆ. ಜಗಲಿ ಮೇಲೇ ಕೂತರು.

ಇಲ್ಲಿ ಆ ಸರ್ವೆಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಇದು ನಿಮ್ಮೂರಿಗೂ ಬಂದಿರುತ್ತದೆ, ಇಲ್ಲಾ ಬರುತ್ತದೆ. ಹೊಲಕ್ಕೆ ಪಹಣಿ ಇದೆ, ಸರ್ವೆ ನಂಬರ್ ಇದೆ, ಪೋಡಿ ಇದೆ. ಆದರೆ ಗ್ರಾಮಠಾಣದೊಳಗಿನ ಮನೆ, ಹಿತ್ತಲು, ಕಣ, ತಿಪ್ಪೆ ಜಾಗಕ್ಕೆ ಎಷ್ಟೋ ಜನರ ಹತ್ತಿರ ಪಂಚಾಯ್ತಿ ಕಂದಾಯದ ರಸೀದಿ ಬಿಟ್ಟರೆ ಬೇರೇನೂ ಇರಲಿಲ್ಲ. ಅದಕ್ಕೆ ಕೇಂದ್ರ ಸರ್ಕಾರ 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನ, ಸ್ವಾಮಿತ್ವ ಯೋಜನೆ ಶುರು ಮಾಡಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಡ್ರೋನ್ ಹಾರಿಸಿ ಊರಿನ ಮನೆಗಳ ನಕ್ಷೆ ಮಾಡಿ, ಪ್ರತಿ ಆಸ್ತಿಗೂ ಒಂದು ಕಾರ್ಡ್ ಕೊಡುವುದು ಇದರ ಉದ್ದೇಶ. ಆ ಕಾರ್ಡ್ ಇದ್ದರೆ ಬ್ಯಾಂಕ್ ಸಾಲಕ್ಕೆ, ಮಾರಾಟಕ್ಕೆ, ಪಾಲಿಗೆ ಅನುಕೂಲ.

ಆದರೆ ಡ್ರೋನ್‌ಗೆ ಯಾವುದು ಯಾರ ಮನೆ ಅಂತ ಗೊತ್ತಿಲ್ಲ. ಅದಕ್ಕೇ ಹಾರಿಸುವ ಮುಂಚೆ ಸಿಬ್ಬಂದಿ ಊರಿಗೆ ಬಂದು, ಮನೆಯವರನ್ನು ನಿಲ್ಲಿಸಿಕೊಂಡು, ಅವರು ತೋರಿಸಿದ ಗಡಿಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾರೆ. ಮೇಲಿನ ಕ್ಯಾಮೆರಾಗೆ ಕಾಣುವುದು ಆ ಬಿಳಿ ಗೆರೆ. ಗೆರೆ ಎಲ್ಲಿದೆಯೋ ಅಲ್ಲೇ ನಕ್ಷೆಯ ಗಡಿ. ಅಂದರೆ ನಿಜವಾದ ಸರ್ವೆ ಆಗುವುದು ಡ್ರೋನ್ ಹಾರಿದ ದಿನ ಅಲ್ಲ, ಸುಣ್ಣ ಬಿದ್ದ ದಿನ. ಇದು ನನಗೆ ಗೊತ್ತಿರಬೇಕಿತ್ತು. ಮೂರು ದಿನದಿಂದ ಬಿಳಿ ಗೂಟದ ಪಕ್ಕದಲ್ಲೇ ಓಡಾಡುತ್ತಿದ್ದೆ.

ನಮ್ಮ ಮನೆ ಹಳ್ಳಿಮೈಸೂರು ಹೋಬಳಿಯಲ್ಲಿ. ತಾತನ ಕಾಲದ ತೊಟ್ಟಿಮನೆಯನ್ನು ಅಪ್ಪ, ದೊಡ್ಡಪ್ಪ ಎರಡು ಪಾಲು ಮಾಡಿಕೊಂಡಿದ್ದಾರೆ. ಹಿಂದುಗಡೆ ಹಿತ್ತಲಲ್ಲಿ ಒಂದು ಸೀಬೆ ಮರ. ಅದರ ಆಚೆ, ಹತ್ತಡಿಗೆ ಎಂಟಡಿಯ ಒಂದು ಹೆಂಚಿನ ಕೋಣೆ. ಅದರಲ್ಲಿರುವುದು ನನ್ನ ಸೋದರತ್ತೆ. ಮಾವ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಅತ್ತೆ ತವರಿಗೆ ಬಂದರು. ತಾತ ಆ ಕೋಣೆ ಕಟ್ಟಿಸಿ, "ನೀನಿರೋವರೆಗೂ ಇದು ನಿಂದು" ಅಂದರಂತೆ. ಬಾಯಿ ಮಾತು. ಕಾಗದ ಇಲ್ಲ. ಮೂವತ್ತು ವರ್ಷದಿಂದ ಅತ್ತೆ ಅಲ್ಲೇ ಒಲೆ ಹಚ್ಚುತ್ತಿದ್ದಾರೆ. ನಮ್ಮನ್ನೆಲ್ಲಾ ಎತ್ತಿ ಆಡಿಸಿದ್ದಾರೆ.

ಸುಣ್ಣ ಹಾಕುವವರು ಹಿತ್ತಲಿಗೆ ಬಂದಾಗ ಅಲ್ಲಿದ್ದದ್ದು ದೊಡ್ಡಪ್ಪನ ಮಗ ಒಬ್ಬರೇ. ಅವರು ಸೀಬೆ ಮರದ ಈಚೆಗೆ ಗೆರೆ ಎಳೆಸಿದರು. ಅತ್ತೆ ಕೋಣೆ, ಅದಕ್ಕೆ ಹೋಗುವ ಮೂರಡಿ ದಾರಿ, ಎಲ್ಲಾ ಅವರ ಗೆರೆಯೊಳಗೆ ಹೋಯಿತು. ಅತ್ತೆ ಹೆಸರಿಗೆ ಯಾರೂ ಬೇರೆ ಗೆರೆ ಎಳೆಯಲಿಲ್ಲ. ಅತ್ತೆಯೂ ಕೇಳಲಿಲ್ಲ. "ಗಂಡಸ್ರು ಏನೋ ಬರ್ಕತಾವ್ರೆ" ಅಂತ ಒಳಗೆ ಹೋಗಿ ಕೂತರಂತೆ.

ಕೆಲವು ತಿಂಗಳ ಮೇಲೆ ಕರಡು ನಕ್ಷೆ ಬಂತು. ಇಂಥ ನಕ್ಷೆಯ ಅಳತೆ 1:500, ಅಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ಐದು ಮೀಟರ್. ಆ ಲೆಕ್ಕದಲ್ಲಿ ಅತ್ತೆಯ ಕೋಣೆ ಒಂದು ಕಡಲೆಕಾಳಿನಷ್ಟು. ಕಾಳು ಇತ್ತು, ಚೌಕ ಸರಿಯಾಗಿತ್ತು, ಹೆಂಚಿನ ಸೂರೂ ತಪ್ಪಿಲ್ಲದೆ ಬಂದಿತ್ತು. ಇದ್ದದ್ದು ಮಾತ್ರ ದೊಡ್ಡಪ್ಪನ ಮನೆಯ ಭಾಗವಾಗಿ. ನಾನು ಹೇಳಿದ ಹಾಗೆ ಎಲ್ಲಾ ಕಂಡಿತ್ತು.

ಊರಲ್ಲಿ ಸುದ್ದಿ ಆಯಿತು. "ನಿನ್ನತ್ರಾನೇ ಡ್ರೋನ್ ಐತಲ್ಲಾ, ನೀನೇ ಹಾರ್ಸಿ ತೋರ್ಸು" ಅಂದರು. ಸ್ಟುಡಿಯೋದವರನ್ನು ಕೇಳಿ ಒಂದು ಭಾನುವಾರಕ್ಕೆ ಡ್ರೋನ್ ತಂದೆ. 2021ರ ಡ್ರೋನ್ ನಿಯಮದ ಪ್ರಕಾರ ಎಲ್ಲಿ ಹಾರಿಸಬಹುದು ಅಂತ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ಇದೆ. ಹಸಿರು ವಲಯದಲ್ಲಿ ನಾನೂರು ಅಡಿವರೆಗೆ ಅನುಮತಿ ಬೇಕಿಲ್ಲ, ಹಳದಿ ವಲಯಕ್ಕೆ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು, ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ್ದು ಬೇಕು. ನಮ್ಮೂರು ಹಸಿರು. ಆದರೂ ಮೊದಲು ಅಕ್ಕಪಕ್ಕದ ಹತ್ತು ಮನೆಗೆ ಹೋಗಿ ಹೇಳಿ ಬಂದೆ. ನಮ್ಮ ಕಡೆ ಬಚ್ಚಲು ಹಿತ್ತಲಲ್ಲಿರುತ್ತದೆ, ಎಷ್ಟೋ ಕಡೆ ಮೇಲೆ ಸೂರಿಲ್ಲ. ನಿಯಮದಲ್ಲಿ ಇದೆಯೋ ಇಲ್ಲವೋ, ಹೇಳದೆ ಹಾರಿಸುವುದು ತಪ್ಪು.

ಹಾರಿಸಿದೆ. ಮೇಲಿಂದ ನಮ್ಮ ಮನೆ ನೋಡಿದ್ದು ಅದೇ ಮೊದಲು. ಎರಡು ಪಾಲಿನ ಹೆಂಚು ಒಂದೇ ಬಣ್ಣ. ಸೀಬೆ ಮರ ಒಂದು ಹಸಿರು ಉಂಡೆ. ಅತ್ತೆ ಅಂಗಳದಲ್ಲಿ ರಾಗಿ ಹರಡಿದ್ದರು. ಅತ್ತೆ ಬಾಗಿಲಿಂದ ನಮ್ಮ ಅಡುಗೆ ಮನೆ ಹಿಂಬಾಗಿಲವರೆಗೆ ಹುಲ್ಲು ಬೆಳೆಯದ ಒಂದು ಸಣ್ಣ ಗೆರೆ ಕಾಣುತ್ತಿತ್ತು. ಮೂವತ್ತು ವರ್ಷ ಅತ್ತೆ ಓಡಾಡಿ ಸವೆಸಿದ ಕಾಲುದಾರಿ. ಅಷ್ಟು ಕಂಡಿತು. ತಾತ ಹೇಳಿದ ಮಾತು ಕಾಣಲಿಲ್ಲ.

ಮೇಲಿನ ಚಿತ್ರ ಇವತ್ತು ಏನಿದೆ ಅಂತ ಮಾತ್ರ ಹೇಳುತ್ತದೆ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣವನ್ನು ಮೇಲಿಂದ ತೆಗೆದರೆ ಬಸ್ಸು ಕಾಣುತ್ತವೆ, ಅಲ್ಲಿದ್ದ ಧರ್ಮಾಂಬುಧಿ ಕೆರೆ ಕಾಣುವುದಿಲ್ಲ. ಕಂಠೀರವ ಕ್ರೀಡಾಂಗಣದ ಚಿತ್ರದಲ್ಲಿ ಸಂಪಂಗಿ ಕೆರೆ ಇಲ್ಲ. ದೊಮ್ಮಲೂರಿನ ಹತ್ತಿರದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದ ಜಾಗದಲ್ಲಿ ಹಿಂದೆ ಇದ್ದದ್ದು ಚಲ್ಲಘಟ್ಟ ಕೆರೆ. ಅದೂ ಇವತ್ತಿನ ಚಿತ್ರದಲ್ಲಿ ಚೆಂದದ ಹಸಿರು ಅಷ್ಟೆ. ಕೆರೆ ಇತ್ತು ಅಂತ ಹೇಳುವುದು ಹಳೆಯ ನಕ್ಷೆ, ಹಳೆಯ ಕಾಗದ, ನೋಡಿದ್ದವರ ಬಾಯಿ. ನಮ್ಮ ಅತ್ತೆಯ ಕೋಣೆಗೆ ಹಳೆಯ ನಕ್ಷೆಯೂ ಇಲ್ಲ, ಕಾಗದವೂ ಇಲ್ಲ. ಉಳಿದದ್ದು ಬಾಯಿ.

ಹಾಗಾಗಿ ಬಾಯಿಗಳನ್ನು ಹುಡುಕಿಕೊಂಡು ಹೋದೆ. ಆ ಕೋಣೆಗೆ ಇಟ್ಟಿಗೆ ಹೊತ್ತಿದ್ದ ಮುದುಕರೊಬ್ಬರು ಇದ್ದರು. ತಾತನ ಜೊತೆ ಪಾಲುಪಟ್ಟಿಗೆ ಕೂತಿದ್ದ ಇನ್ನೊಬ್ಬರು ಇದ್ದರು. ನಾನು ತೆಗೆದ ಚಿತ್ರವನ್ನು ಹೊಳೆನರಸೀಪುರದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಜಗಲಿ ಮೇಲೆ ಹರಡಿ, ಇಬ್ಬರನ್ನೂ ಕೂರಿಸಿದೆ. ಚಿತ್ರ ನೋಡಿದ ಕೂಡಲೇ ಅವರ ಮಾತು ಬಿಚ್ಚಿಕೊಂಡಿತು. "ಇಲ್ಲಿ ಬಾವಿ ಇತ್ತು", "ಇಲ್ಲಿಗಂಟ ನಿಮ್ ತಾತ ಕಲ್ಲು ನೆಟ್ಟಿದ್ದ" ಅಂತ ಬೆರಳಿಟ್ಟು ತೋರಿಸಿದರು. ಚಿತ್ರ ಸಾಕ್ಷಿ ಆಗಲಿಲ್ಲ, ಆದರೆ ಸಾಕ್ಷಿಗಳಿಗೆ ಬೆರಳಿಡಲು ಜಾಗ ಕೊಟ್ಟಿತು.

ಕರಡು ನಕ್ಷೆಗೆ ಆಕ್ಷೇಪಣೆ ಕೊಡಲು ಅವಕಾಶ ಇರುತ್ತದೆ. ಅತ್ತೆಯ ಹೆಸರಲ್ಲೇ ಬರೆದೆವು. ಅಪ್ಪನ ಹೆಸರಲ್ಲಿ ಬರೆಯೋಣ ಅಂತ ಕೆಲವರು ಹೇಳಿದರು, ನಾನು ಒಪ್ಪಲಿಲ್ಲ. 2005ರ ಕಾನೂನು ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಅಂತ ಅತ್ತೆಗೆ ಹೇಳಿದೆ. ಅತ್ತೆ ನಕ್ಕರು. "ನಂಗ್ಯಾಕಪ್ಪ ಪಾಲು? ಮಲಗೋ ಜಾಗ ನಂದು ಅಂತ ಒಂದು ಕಾಗ್ದ ಇದ್ರೆ ಸಾಕು. ನಾಳೆ ಯಾರೂ ಎದ್ದೋಗು ಅನ್ಬಾರ್ದು, ಅಷ್ಟೇಯ."

ದೊಡ್ಡಪ್ಪನ ಮಗ ಮೂರು ತಿಂಗಳು ನಮ್ಮ ಜೊತೆ ಮಾತು ಬಿಟ್ಟರು. ನಾನು ಅವರನ್ನು ಪೂರ್ತಿ ತಪ್ಪು ಅನ್ನಲಾರೆ. "ಸೀಬೆ ಮರ ನಮ್ದು ಅಂತ ಅಪ್ಪ ಯಾವಾಗ್ಲೂ ಹೇಳ್ತಿತ್ತು. ನಂಗೆ ಗೊತ್ತಿದ್ದಂಗೆ ಗೆರೆ ಎಳೆಸ್ದೆ. ನೀನು ಅವತ್ತು ಎಲ್ಲಿಗೋಗಿದ್ದೆ?" ಅಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಯುಗಾದಿ ಹಿಂದಿನ ದಿನ ಅವರೇ ಬಂದು ಅತ್ತೆಯ ಜಗಲಿಯಲ್ಲಿ ಕೂತು ಕಾಫಿ ಕುಡಿದರು. ಕೋಣೆ ಅತ್ತೆಯದು ಅಂತ ಒಪ್ಪಿಗೆ ಬರೆದು ಸಹಿ ಹಾಕಿದರು. ಮೂರಡಿ ದಾರಿಗೆ ಮಾತ್ರ ಇನ್ನೂ ಒಪ್ಪಿಲ್ಲ. ಸೀಬೆ ಮರದ ಬುಡದಲ್ಲಿ ಮಾತು ನಿಂತಿದೆ. ಅರ್ಜಿ ಇನ್ನೂ ವಿಚಾರಣೆಯಲ್ಲಿದೆ. ಅತ್ತೆ ಎಂದಿನಂತೆ ಅದೇ ದಾರಿಯಲ್ಲಿ ಓಡಾಡುತ್ತಿದ್ದಾರೆ.

ಇದನ್ನು ಓದುತ್ತಿರುವವರಿಗೆ ಮೂರು ಮಾತು. ಸುಣ್ಣ ಹಾಕುವವರು ಬರುವ ದಿನ ಮನೆಯಲ್ಲಿ ತಿಳಿದವರೊಬ್ಬರು ಇರಿ, ಕೂಲಿ ಹೋದರೂ ಸರಿ, ಹಿತ್ತಲಿಗೂ ನೀವೇ ಜೊತೆಯಲ್ಲಿ ಹೋಗಿ. ಗೆರೆ ಬಿದ್ದ ಮೇಲೆ ಪಕ್ಕದವರನ್ನೂ ನಿಲ್ಲಿಸಿಕೊಂಡು ಅದರ ಫೋಟೋ ಫೋನಿನಲ್ಲಿ ತೆಗೆದಿಡಿ, ಒಂದು ಮಳೆ ಬಂದರೆ ಸುಣ್ಣ ಹೋಗುತ್ತದೆ. ಕರಡು ನಕ್ಷೆ ಬಂದಾಗ ನಿಮ್ಮ ಮನೆ ಮಾತ್ರ ನೋಡಬೇಡಿ, ನಿಮ್ಮ ಮನೆಯಲ್ಲಿ ಕಾಗದ ಇಲ್ಲದೆ ಬದುಕುತ್ತಿರುವವರ ಜಾಗ ಎಲ್ಲಿ ಸೇರಿದೆ ಅಂತ ನೋಡಿ. ಅತ್ತೆ, ಅಜ್ಜಿ, ತವರಿಗೆ ಬಂದ ಅಕ್ಕ, ಅವರು ತಾವಾಗಿ ಕೇಳುವುದಿಲ್ಲ.

ಗಾಲ್ಫ್ ವಿಡಿಯೋ ಚೆನ್ನಾಗಿ ಬಂತು. ಹದಿನೆಂಟು ಹೋಲ್, ಕೊನೆಯಲ್ಲಿ ಮಂಜಿನ ಮೇಲೆ ಸೂರ್ಯ. ಒಂದು ಸಂಜೆ ಅತ್ತೆಗೆ ಫೋನಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು.

"ಎಷ್ಟ್ ಚೆನ್ನಾಗಿ ಇಟ್ಕಂಡವ್ರೆ" ಅಂದರು. ಆಮೇಲೆ ಕೇಳಿದರು, "ಇಷ್ಟು ಹುಲ್ಲು ಯಾರ್ಲಾ ಕಿತ್ತು ಕಿತ್ತು ಇಷ್ಟ್ ನುಣ್ಣಗೆ ಮಾಡಿದ್ದು? ಒಬ್ರೂ ಕಾಣಲ್ವಲ್ಲ?"

ಇದ್ದರು ಅತ್ತೆ, ಮರದ ಹಿಂದೆ ನಿಂತಿದ್ದರು ಅಂದೆ.